ಸೋಮನಾಥರ ಕಪ್ಪು ಟೀ

ಜಯನಗರದ ಟೈಲ್ಸ್ ವ್ಯಾಪಾರಿ ಸೋಮನಾಥ್ ಐವತ್ತೆಂಟನೆಯ ವಯಸ್ಸಿಗೆ ಗಾಲ್ಫ್ ಕಲಿತರು. ಅಂದರೆ, ಗಾಲ್ಫ್ ಆಡುವವರ ಹಾಗೆ ಬಟ್ಟೆ ಹಾಕಿಕೊಳ್ಳುವುದನ್ನು ಕಲಿತರು. ಭಾನುವಾರ ಆಟ ಮುಗಿಸಿ ಬರುವಾಗ ಎಡಗೈಯ ಒಂಟಿ ಗ್ಲೌಸ್ ಬಿಚ್ಚದೆಯೇ ಫೋರ್ತ್ ಬ್ಲಾಕಿನಲ್ಲಿ ಇಳಿದು ಸೊಪ್ಪು ಕೊಳ್ಳುತ್ತಿದ್ದರು.

ಮೊದಲ ಹೊಡೆತಕ್ಕೆ ನಿಲ್ಲುವ ಜಾಗಕ್ಕೆ ಟೀ ಬಾಕ್ಸ್ ಎನ್ನುತ್ತಾರೆ. ಅವರ ಕ್ಲಬ್ಬಿನಲ್ಲಿ ಕೆಂಪು ಗುರುತಿನದು ಮುಂದೆ, ಬಿಳಿಯದು ನಡುವೆ, ಕಪ್ಪು ಎಲ್ಲಕ್ಕಿಂತ ಹಿಂದೆ. ಕಪ್ಪು ಇರುವುದು ಟೂರ್ನಮೆಂಟ್ ಆಡುವವರಿಗೆ. ಸೋಮನಾಥ್ ಮೊದಲ ದಿನದಿಂದಲೂ ಅಲ್ಲೇ ನಿಂತರು.

"ಸಾರ್, ಕೆಂಪಿಂದ ಆಡಿ. ನಿಮ್ ಬಾಲ್ ಹೋಗೋ ದೂರಕ್ಕೆ ಅದೇ ಸರಿ," ಎಂದ ಕ್ಯಾಡಿ ಮುನಿಯಣ್ಣ. ಇಪ್ಪತ್ತೈದು ವರ್ಷದಿಂದ ಬೇರೆಯವರ ಚೀಲ ಹೊತ್ತವನು.

"ಅದು ಹೆಂಗಸರದ್ದು ಕಣಯ್ಯ."

"ಬಾಲ್‌ಗೆ ಅದೆಲ್ಲ ಗೊತ್ತಾಗಲ್ಲ ಸಾರ್."

ಚೆಂಡು ಬೀಳಿಸಬೇಕಾದ ಏಳನೆಯ ಗುಂಡಿಯ ದಾರಿಗೆ ಅಡ್ಡವಾಗಿ ಒಂದು ಕೊಳವಿತ್ತು. ಕಪ್ಪಿನಿಂದ ಅದನ್ನು ದಾಟಿಸಲು ನೂರೈವತ್ತು ಗಜ ಹೊಡೆಯಬೇಕು. ಸೋಮನಾಥರ ದಾಖಲೆ ನೂರು. ಒಂದು ಭಾನುವಾರ ಐದು ಚೆಂಡು ನೀರಿಗೆ ಬಿದ್ದವು. ಬಾತುಗಳು ಆಚೆ ದಡಕ್ಕೆ ಹೋದವು. ಹಿಂದೆ ಕಾಯುತ್ತಿದ್ದ ಲತಾಮಣಿ, ಪದ್ಮನಾಭನಗರದ ನಿವೃತ್ತ ಹೆಡ್‌ಮಿಸ್, ಮುಂದೆ ಬಂದರು.

"ಸೋಮನಾಥ್, ಮೀನಿಗೆ ಹೊಟ್ಟೆ ತುಂಬಿರ್ಬೇಕು. ನಾವು ಹೋಗ್ಬಹುದಾ?"

ಲತಾಮಣಿ ಕೆಂಪಿನಲ್ಲಿ ನಿಂತು ಒಂದೇ ಏಟಿಗೆ ಕೊಳ ದಾಟಿಸಿದರು.

"ನಿಮಗೇನು ಬಿಡಿ ಮೇಡಂ, ಹತ್ರದಿಂದ ಹೊಡೀತೀರಿ."

"ಹೌದ್ರೀ, ನಂಗೆ ಅರವತ್ತೇಳು. ನೀವೂ ಬನ್ನಿ, ಇಲ್ಲಿ ಯಾರೂ ಟಿಕೆಟ್ ಕೇಳಲ್ಲ."

ಅವರು ಹೋದ ಮೇಲೆ ಮುನಿಯಣ್ಣ ಚೀಲ ಎತ್ತಿಕೊಂಡು ಕೆಂಪಿನ ಕಡೆ ನಡೆದ. ಸೋಮನಾಥ್ ಸುತ್ತ ನೋಡಿ ಹಿಂಬಾಲಿಸಿದರು. ಹೊಡೆದರು. ಚೆಂಡು ಎದ್ದಿತು, ಕೊಳ ದಾಟಿತು, ಹುಲ್ಲಿನ ಮೇಲೆ ಇಳಿಯಿತು. ಆರು ತಿಂಗಳಲ್ಲಿ ಮೊದಲ ಸಲ. ಅವರ ಕಣ್ಣು ತುಂಬಿ ಬಂತು. ಆಚೆ ದಡದಲ್ಲಿ ಲತಾಮಣಿ ಚಪ್ಪಾಳೆ ತಟ್ಟಿದಾಗ ಆ ಸಂತೋಷವೂ ಇಂಗಿಹೋಯಿತು. ಯಾರೋ ನೋಡಿಬಿಟ್ಟಿದ್ದರು.

ಕ್ಲಬ್ಬಿನಲ್ಲಿ ಸ್ನೇಹಿತರೆದುರು ತಾವೇ ಮೊದಲು ಮಾತೆತ್ತಿದರು: "ಪಾಪ, ಮುನಿಯಣ್ಣಂಗೆ ಮಂಡಿ ನೋವು. ಅಷ್ಟು ದೂರ ಯಾಕೆ ನಡೆಸ್ಬೇಕು ಅಂತ ಮುಂದಿಂದ ಆಡ್ದೆ."

"ದೊಡ್ಡ ಮನಸ್ಸು ಗುರು ನಿಂದು," ಎಂದರು ಎಲ್ಲರೂ.

ಮುಂದಿನ ವಾರ ಅದೇ ವಯಸ್ಸಿನ ಇನ್ನೂ ನಾಲ್ವರು ಕೆಂಪಿನಲ್ಲಿ ಕಾಣಿಸಿಕೊಂಡರು. ಎಲ್ಲರ ಕ್ಯಾಡಿಗಳಿಗೂ ಮಂಡಿ ನೋವು. ಗಾಬರಿಯಾದ ಕಮಿಟಿ ಮಂಡಿ ತಪಾಸಣೆಯ ಶಿಬಿರವನ್ನೇ ಏರ್ಪಡಿಸಿತು. ಉದ್ಘಾಟನೆಗೆ ಸೋಮನಾಥರು ದೀಪ ಹಚ್ಚಿದರು.

ಡಾಕ್ಟರು ಮುನಿಯಣ್ಣನ ಮಂಡಿ ಒತ್ತಿ ಕೇಳಿದರು: "ಎಲ್ಲಿ ನೋಯುತ್ತೆ?"

"ನಂಗೇನಿಲ್ಲ ಡಾಕ್ಟ್ರೇ. ನೋವಿರೋದು ನಮ್ ಸಾರ್‌ಗೆ. ಅದೂ ಮಂಡೀಲಲ್ಲ."

ಡಾಕ್ಟರು ನಕ್ಕು, ಆದರೂ ಒಂದು ಮುಲಾಮು ಕೊಟ್ಟರು. ಮುನಿಯಣ್ಣ ಅದನ್ನು ಹೊಸಕೆರೆಹಳ್ಳಿಗೆ ಒಯ್ದು ಹೆಂಡತಿ ಗೋವಿಂದಮ್ಮನ ಕೈಗಿತ್ತ. ದಿನವೂ ಮೂರು ಮನೆಯ ನೆಲ ಒರೆಸುವ ಅವಳಿಗೆ ಮಂಡಿ ನಿಜವಾಗಿಯೂ ನೋಯುತ್ತಿತ್ತು.