ಎಡ ಮೀಸೆ

ಬಸ್ಸಿನ ಗಾಜಿನ ಮೇಲೆ ಒಂದು ಕಂದು ಚುಕ್ಕೆ, ಹುಳದಂತೆ ಹರಿದ ಹಾಗಾಯಿತು, ಇಲ್ಲ, ಒಣಗಿದ ಕೆಸರು, ಹರಿದದ್ದು ಹೊರಗಿನ ಮರಗಳು — ಭದ್ರಾವತಿಯ ಸೇತುವೆ ದಾಟಿದ್ದೇ ಗೊತ್ತಾಗಲಿಲ್ಲ, ತೊಡೆಯ ಮೇಲೆ ವೇದಾವತಮ್ಮ ಕಟ್ಟಿಕೊಟ್ಟ ಕೋಡುಬಳೆ ಇನ್ನೂ ಬೆಚ್ಚಗಿದೆ, ಅಷ್ಟೆಲ್ಲ ಹೇಳಿದ ಮೇಲೆ ಕೋಡುಬಳೆ, ತಿನ್ಕೊಂಡು ಹೋಗು ಹೇಮಾ, ಮುಖ ಬಾಡಿದೆ, ಬಾಡದೆ ಏನಾದೀತು, ಹದಿನಾಲ್ಕು ವರ್ಷ ಈ ಅಣಬೆ ಹುಳಗಳ ವರ್ಗೀಕರಣಕ್ಕೇ ಕಣ್ಣು ಸವೆಸಿದ್ದೇನೆ, ಅಕ್ಕಿಯಲ್ಲಿ ಸಿಗುವ ಮೂತಿಹುಳದ ದೂರದ ನೆಂಟರು, ಸತ್ತ ಮರದ ಮೇಲಿನ ಬೂಸ್ಟು ತಿಂದು ಬದುಕುವವು, ಕಿರುಬೆರಳ ಉಗುರಿನಷ್ಟೂ ಇಲ್ಲ, ಇವುಗಳ ಬಗ್ಗೆ ಬರೆದವರನ್ನೆಲ್ಲ ಸೇರಿಸಿದರೂ ಈ ಬಸ್ಸು ತುಂಬಲಿಕ್ಕಿಲ್ಲ, ಅವರಲ್ಲಿ ನಮ್ಮ ವಿಷ್ಣುಪ್ರಸಾದ ಸರ್ ಒಬ್ಬರು, ವೇದಾವತಮ್ಮನ ಯಜಮಾನರು, ನನಗೆ ಕೈ ಹಿಡಿದು ಕಲಿಸಿದವರು, ತೀರಿಹೋಗಿ ವರ್ಷವಾಯಿತು. ತೊಂಬತ್ತೊಂದರಲ್ಲಿ ಭದ್ರಾವತಿಯ ಯಾವುದೋ ಮರದ ಡಿಪೋದಲ್ಲಿ ಅವರಿಗೆ ಒಂದೇ ಒಂದು ಗಂಡು ಹುಳ ಸಿಕ್ಕಿತು, ಮೈಗಿಂತ ಎರಡು ಪಟ್ಟು ಉದ್ದದ ಮೀಸೆ, ಹೊಸ ಪ್ರಭೇದ ಅಂತ ಹೆಸರಿಟ್ಟು ಪ್ರಬಂಧ ಬರೆದರು, ಅದನ್ನು ಓದಿ ಇನ್ನೊಬ್ಬರು ಬರೆದರು, ಅವರನ್ನು ಓದಿ ಮತ್ತೊಬ್ಬರು, ಹೆಸರು ಪಟ್ಟಿಯಿಂದ ಪಟ್ಟಿಗೆ ನಡೆಯಿತು, ಹುಳ ಮಾತ್ರ ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ, ನನ್ನೊಬ್ಬಳನ್ನು ಬಿಟ್ಟು — ಸರ್ ಆ ಮೊದಲ ಹುಳ ಇಟ್ಟಿದ್ದ ಪೆಟ್ಟಿಗೆ ನನ್ನ ಕೈಗೆ ಬಂದದ್ದೇ ಹೋದ ವಾರ, ಸರ್ ಇರುವ ತನಕ ಯಾರಿಗೂ ತೆರೆದು ತೋರಿಸಿದವರಲ್ಲ, ತೇವ ಹೊಕ್ರೆ ಮುಗೀತಮ್ಮ ಅನ್ನುತ್ತಿದ್ದರು, ಮುಚ್ಚಳ ಎತ್ತಿದರೆ ನುಸಿಗುಳಿಗೆಯ ವಾಸನೆ, ಮೈಕ್ರೋಸ್ಕೋಪಿನಡಿ ಇಟ್ಟೆ, ಮೀಸೆ ತಲೆಗೆ ಕೂಡುವಲ್ಲಿ ಒಂದು ಹಳದಿ ಹನಿ, ಎರಡೂ ಕಡೆ, ಗೋಂದು, ಮತ್ತೆ ಆ ಮೀಸೆಗಳು ಆ ಹುಳದವೇ ಅಲ್ಲ, ಯಾವುದೋ ಮರ ಕೊರೆಯುವ ದುಂಬಿಯವು. ಸರ್ ಮೋಸ ಮಾಡಿದರೇ, ಮೂರು ರಾತ್ರಿ ನಿದ್ದೆ ಇಲ್ಲ, ಇವತ್ತು ಹೋಗಿ ಅಡುಗೆಮನೆಯ ಮಣೆಯ ಮೇಲೆ ಕೂತು ಕೇಳಿಯೇ ಬಿಟ್ಟೆ, ವೇದಾವತಮ್ಮ ಒಲೆ ಸಣ್ಣ ಮಾಡಿದರು, ಬೆನ್ನು ತಿರುಗಿಸಿಯೇ ಹೇಳಿದರು, ಅವರಲ್ಲ ಹೇಮಾ, ನಾನೇ ಅಂಟಿಸಿದ್ದು.

ಸರ್ ಹಿಂದಿನ ಸಂಜೆ ಡಿಪೋದಿಂದ ತಂದ ರಾಶಿಯಲ್ಲಿ ಅದೂ ಒಂದಂತೆ, ಸರ್ ಇನ್ನೂ ಸರಿಯಾಗಿ ನೋಡಿರಲಿಲ್ಲವಂತೆ, ಬೆಳಿಗ್ಗೆ ಅವರು ಕಾಲೇಜಿಗೆ ಹೋದ ಮೇಲೆ ಇವರು ಮೇಜು ಒರೆಸುವಾಗ ಬಟ್ಟೆ ತಾಗಿ ಎರಡೂ ಮೀಸೆ ಉದುರಿ ಕಸದಲ್ಲಿ ಹೋದವು, ಹೊಸದಾಗಿ ಮದುವೆಯಾದ ಹುಡುಗಿ, ಗಂಡ ಹೊಡೆಯುವವರಲ್ಲ, ಆದರೆ ವಾರಗಟ್ಟಲೆ ಮಾತು ಬಿಡುವವರು, ಆ ಮೌನಕ್ಕೆ ಹೆದರಿ ಇನ್ನೊಂದು ಡಬ್ಬಿಯ ಹುಳದಿಂದ ಎರಡು ಮೀಸೆ ಕಿತ್ತು, ಸೂಜಿ ಮೊನೆಯಲ್ಲಿ ಅಂಚೆ ಕವರು ಅಂಟಿಸುವ ಗೋಂದು ತೆಗೆದು, ಉಸಿರು ಹಿಡಿದು, ಬಲಗಡೇದು ಸರಿಯಾಗಿ ಕೂತ್ಕೊಳ್ತು, ಕೆಳಗೆ ಬಾಗಿ, ಎಡಗಡೇದು ತಲೆಕೆಳಗಾಗಿ ಮೇಲಕ್ಕೆ ನಿಂತ್ಬಿಡ್ತು ಮಾರಾಯ್ತಿ, ಬಿಡಿಸೋಕೆ ಹೋದ್ರೆ ತಲೆನೇ ಬರ್ತಿತ್ತು. ಸಂಜೆ ಸರ್ ಲೆನ್ಸ್ ಹಿಡಿದು ನೋಡಿದರಂತೆ, ನೋಡುತ್ತಲೇ ಇದ್ದರಂತೆ, ಎಡಗಡೆಯದು ಒಣಗುವಾಗ ತಿರುಚಿದೆ ಅಂದುಕೊಂಡರಂತೆ, ಅವರ ಮುಖದಲ್ಲಿ ಅಂಥ ಖುಷಿ ಇವರು ಅದಕ್ಕೆ ಮುಂಚೆ ಕಂಡಿರಲಿಲ್ಲ, ನಾಳೆ ಹೇಳೋಣ, ನಾಳಿದ್ದು ಹೇಳೋಣ, ಅಷ್ಟರಲ್ಲಿ ಪ್ರಿಂಟಾಗಿ ಬಂತು, ಮೂವತ್ತು ಚಿಲ್ಲರೆ ವರ್ಷ ಅದೇ ಮೇಜು ಒರೆಸಿದರು. ನೀನು ಬರಿ ಹೇಮಾ, ನನ್ನ ಹೆಸರು ಹಾಕಿಯೇ ಬರಿ, ಆ ಹುಳ ಯಾವತ್ತೂ ಇರ್ಲಿಲ್ಲ ಅಂತ ಬರಿ. ಕೋಡುಬಳೆ ಕಟ್ಟುತ್ತ ಕಟ್ಟುತ್ತ ಕೈ ನಿಂತಿತು, ಹಾಗಾದ್ರೆ ಸಕ್ರೆಬೈಲಲ್ಲಿ ನೀನು ನೋಡಿದ್ದು ಏನೇ?

ಏನು ನೋಡಿದೆ, ಎರಡು ಸಾವಿರದ ಹನ್ನೊಂದು, ಬೆಳಗಿನ ಹೊತ್ತು, ನೀರಲ್ಲಿ ಆನೆ ಮಲಗಿತ್ತು, ಮಾವುತ ಅದರ ಕಿವಿ ಹಿಂದೆ ಉಜ್ಜುತ್ತಿದ್ದ, ನಾನು ಮೇಲೆ ಕಾಡಿನಂಚಿನಲ್ಲಿ, ಬಿದ್ದ ದಿಮ್ಮಿ, ದಿಮ್ಮಿಯ ಮೇಲೆ ಬಿಳಿ ಅಣಬೆ, ಅಣಬೆಯ ಮೇಲೆ ಅದು, ಉದ್ದ ಮೀಸೆ, ಟ್ಯೂಬು ಹಿಡಿದು ಕೈ ಚಾಚಿದೆ, ಕಾಲು ಮಡಚಿ ಸತ್ತಂತೆ ಉರುಳಿ ತರಗೆಲೆಯಲ್ಲಿ ಹೋಯಿತು, ಮಧ್ಯಾಹ್ನದವರೆಗೆ ಹುಡುಕಿದೆ. ಸರ್‌ಗೆ ಹೇಳಿದಾಗ ನನ್ನ ಎರಡೂ ಕೈ ಹಿಡಿದುಕೊಂಡು ಅತ್ತರು, ಇಪ್ಪತ್ತು ವರ್ಷ ಜನ ಒಳಗೊಳಗೇ ನಕ್ಕಿದ್ದರಲ್ಲ, ಇದೆಯಮ್ಮ, ಇದೆ, ನೀನು ನೋಡಿದೆಯಲ್ಲ, ಎರಡನೆಯ ದಾಖಲೆ ಅಂತ ನನ್ನ ಹೆಸರಲ್ಲಿ ಅಚ್ಚಾಯಿತು, ಡಾಕ್ಟರೇಟ್ ಬಂತು, ಕೆಲಸ ಬಂತು. ಸುಳ್ಳು ಹೇಳಿದೆನೇ, ಇಲ್ಲ, ಅವರ ಪ್ರಬಂಧ ಬಾಯಿಪಾಠವಾಗುವಷ್ಟು ಓದಿದ್ದೆ, ಓದಿದ್ದನ್ನೇ ಕಣ್ಣು ಕಂಡಿತು, ಹಾಗೇ ಬರೆಯುತ್ತೇನೆ, ನಾಳೆಯೇ ಕಳಿಸುತ್ತೇನೆ, ಪ್ರಭೇದ ರದ್ದು, ನನ್ನ ದಾಖಲೆ ರದ್ದು, ನೋಡಿದವಳು ಕಂಡದ್ದು ಓದಿನ ಭ್ರಮೆ — ಮಾಚೇನಹಳ್ಳಿ ದಾಟಿತು, ಎದೆ ಹಗುರ, ಒಂದು ತಾರೀಖು ಬೇಕಷ್ಟೆ, ವೇದಾವತಮ್ಮನಿಗೆ ತೋರಿಸಲೆಂದು ತಂದು ತೋರಿಸದೇ ಉಳಿದ ಹಳೆಯ ಫೀಲ್ಡ್ ನೋಟುಬುಕ್ಕು ಬ್ಯಾಗಿನಲ್ಲೇ ಇದೆ, ಹಾಳೆಗಳು ಅಂಟಿಕೊಂಡಿವೆ, ಇಲ್ಲಿ, ಫೆಬ್ರವರಿ ಒಂಬತ್ತು, ಸಕ್ರೆಬೈಲು, ಪೆನ್ಸಿಲ್ಲು, ನನ್ನದೇ ಕೋಳಿಕಾಲು ಅಕ್ಷರ, ದಿಮ್ಮಿಯ ಪಕ್ಕ ನಿಂತೇ ಬರೆದದ್ದು, ಬಲ ಮೀಸೆ ಕೆಳಗೆ ಬಾಗಿದೆ, ಎಡ ಮೀಸೆ ಮೇಲಕ್ಕೆ ನಿಂತಿದೆ, ಯಾಕೆ? ಪ್ರಶ್ನೆ ಚಿಹ್ನೆಯ ಕೆಳಗೆ ಎರಡು ಗೆರೆ. ಸರ್ ಪ್ರಬಂಧದಲ್ಲಿ ಬಲಗಡೆಯ ಚಿತ್ರ ಮಾತ್ರ, ಎಡಗಡೆಯ ಬಗ್ಗೆ ಒಂದು ಅಕ್ಷರ ಇಲ್ಲ, ಅವರ ಬಾಯಲ್ಲೂ ಕೇಳಿಲ್ಲ, ಪೆಟ್ಟಿಗೆ ನಾನು ನೋಡಿದ್ದು ಹೋದ ವಾರ, ಓದದೇ ಇದ್ದದ್ದನ್ನು ಕಣ್ಣು ಹೇಗೆ — ವಿದ್ಯಾನಗರ, ವಿದ್ಯಾನಗರ ಇಳಿಯೋರು ಬನ್ನಿ, ಮೇಡಂ ನೀವು ಇಲ್ಲೇ ಅಲ್ವಾ, ಹೌದು, ಇಲ್ಲೇ, ಏಳಬೇಕು, ಬಿಳಿ ಅಣಬೆ, ಬಲಗಡೆಯದು ಬಾಗಿದೆ, ಅಲುಗುತ್ತಿಲ್ಲ, ಎಡಗಡೆಯದು ಮೇಲಕ್ಕೆ, ನನ್ನ ಕಡೆ ತಿರುಗುತ್ತಿದೆ, ಬಿಳಿ ಅಣಬೆಯ ಮೇಲೆ, ಎಡಗಡೆಯದು, ಎಡಗಡೆಯದೊಂದೇ