ಐದನೆಯ ಅಂಕದ ಬಿಡುವು

“ಅದೂ ಬೇಡ,” ಎಂದಳು ನೃತ್ಯ ನಿರ್ದೇಶಕಿ, ಅವನ ಕೈಯಲ್ಲಿದ್ದ ಹಾಳೆಯತ್ತ ನೋಡದೆಯೇ.

ಉಳಿದಿದ್ದುದು ಅದೊಂದೇ ಪದ್ಯ. ಹಳೆಯ ಪದ್ಯನಾಟಕವೊಂದನ್ನು ಬ್ಯಾಲೆಯಾಗಿಸಲು, ಕಾವ್ಯ ಪಾಠ ಮಾಡುವ ಅವನನ್ನು ಕಾಲೇಜಿನಿಂದ ಕರೆಸಿದ್ದರು. ನಾಲ್ಕು ಅಂಕಗಳ ಮಾತನ್ನು ಅವನೇ ಕೈಯಾರೆ ಹೊಡೆದುಹಾಕಿದ್ದ. ರಾಜಸಭೆಯ ವಾಗ್ವಾದ ಕಾಲಿನ ಸಪ್ಪಳವಾಗಿತ್ತು. ಮಂತ್ರಿಯ ಕುತಂತ್ರ ಕತ್ತಿನ ಒಂದು ಕೊಂಕು. ಐದನೆಯ ಅಂಕದಲ್ಲಿ ರಾಣಿ ಸೆರೆಮನೆಯ ಬಾಗಿಲಲ್ಲಿ ನಿಂತು, ಬೆಳಗಾದರೆ ಗಲ್ಲಿಗೇರುವ ಮಗನನ್ನು ಕ್ಷಮಿಸುತ್ತಾಳೆ. ಆ ಪದ್ಯವನ್ನಾದರೂ ತೆರೆಯ ಹಿಂದಿನಿಂದ ಹೇಳಿಸಿ ಎಂದು ಗೋಗರೆದಿದ್ದ.

“ಕ್ಷಮಿಸಿದ್ಲು ಅಂತ ಜನಕ್ಕೆ ಗೊತ್ತಾಗಲ್ಲ ಮೇಡಂ.”

“ಗೊತ್ತಾಗದಿದ್ರೆ ತಪ್ಪು ಕುಣಿಯೋಳ ಕೈಕಾಲಿಂದು, ನಿಮ್ಮದಲ್ಲ. ಬಿಡಿ.”

ಮೂಲೆಯಲ್ಲಿ ಪಿಯಾನೋದವನು ನಕ್ಕ. “ಮೇಷ್ಟ್ರ ಹೊಟ್ಟೆಪಾಡೇ ಮಾತು. ಅದನ್ನೂ ಕಿತ್ಕೊಂಡ್ರೆ ಪಾಪ ಏನ್ಮಾಡ್ತಾರೆ.”

ಅವನೂ ನಕ್ಕ. ನಗಬೇಕಾದಲ್ಲಿ ನಗುವುದು ಅವನಿಗೆ ರೂಢಿಯಾಗಿಹೋಗಿತ್ತು.

ಅದು ಅಮ್ಮನ ಪದ್ಯ. ಬರೆದವನು ನಾಟಕಕಾರನೇ; ಆದರೆ ಇವನಿಗೆ ಅದು ಬಂದದ್ದು ಪುಸ್ತಕದಿಂದಲ್ಲ. ಸಂಜೆ, ದೇವರಿಗೆ ಕೈಮುಗಿದ ಮೇಲೆ, ಅಮ್ಮ ಒಲೆಯ ಹೊಗೆಯಲ್ಲಿ ನಿಂತು ಅದನ್ನು ಬಾಯಿಪಾಠ ಹೇಳುತ್ತಿದ್ದಳು. ಅವನು ಹೊಸ್ತಿಲ ಮೇಲೆ ಮಂಡಿ ಜೋಡಿಸಿ, ದೇವರ ಮುಂದೆ ಕೂತ ಹಾಗೆ, ಅಲುಗಾಡದೆ ಕೇಳುತ್ತಿದ್ದ. ‘ಹೋಗು ಮಗನೇ’ ಎಂಬಲ್ಲಿ ಅವಳು ನಿಲ್ಲುವಳು. ದೀರ್ಘವಾದ ಬಿಡುವು. ಆಮೇಲೆ, ತೀರ ಮೆಲ್ಲಗೆ, ಉಳಿದದ್ದು. ಮುಗಿದ ಕೂಡಲೇ ಅವನು “ಇನ್ನೊಂದ್ಸಲ ಅಮ್ಮ” ಎನ್ನುತ್ತಿದ್ದ. ಅವಳು ಎಂದೂ ಇಲ್ಲವೆನ್ನಲಿಲ್ಲ.

ಕಾವ್ಯವಿರುವುದೇ ಆ ಬಿಡುವಿನಲ್ಲಿ ಎಂದು ವರ್ಷಗಟ್ಟಲೆ ತರಗತಿಯಲ್ಲಿ ಹೇಳಿದ್ದ. ಅಚ್ಚಾದ ಪದ್ಯದಲ್ಲಿ ಅಲ್ಲಿ ಅಲ್ಪವಿರಾಮವೂ ಇರಲಿಲ್ಲ. ಅದು ಅಚ್ಚಿನವರ ತಪ್ಪು ಎನ್ನುತ್ತಿದ್ದ.

ಇಲ್ಲಿಯ ಕ್ರಮ ಬೇರೆ. ಮೊದಲು ಅವನು ಪದ್ಯ ಹೇಳಬೇಕು, ನರ್ತಕಿಯರು ಅದರ ಉಸಿರನ್ನು ಮೈಗಿಳಿಸಿಕೊಳ್ಳಬೇಕು. ಮೈಗೆ ಹತ್ತಿದ ಮೇಲೆ ದನಿಯನ್ನು ತೆಗೆದುಬಿಡಬೇಕು. ಇವತ್ತು ದನಿ ತೆಗೆಯುವ ದಿನ.

“ನೋಡಿ, ಆಮೇಲೆ ಮಾತಾಡಿ,” ಎಂದು ನಿರ್ದೇಶಕಿ ಚಪ್ಪಾಳೆ ತಟ್ಟಿದಳು.

ರಾಣಿಯ ಪಾತ್ರದ ಹುಡುಗಿ ಕನ್ನಡಿ ಗೋಡೆಯ ಮುಂದೆ ಬಂದಳು. ಕೈ ಚಾಚಿದಳು, ಹಿಂತೆಗೆದಳು. ಅವನ ತುಟಿಗಳು ಸದ್ದಿಲ್ಲದೆ ಪದ್ಯದ ಜೊತೆಗೇ ಹೋಗುತ್ತಿದ್ದವು. ಬಿಡುವು ಬಂತು. ಹುಡುಗಿ ಒಮ್ಮೆಗೇ ಮುಂದಕ್ಕೆ ಬಾಗಿ, ಅಭ್ಯಾಸಕ್ಕೆಂದು ಗೋಡೆಯುದ್ದಕ್ಕೂ ಹಾಕಿದ್ದ ಮರದ ಸರಳನ್ನು ಹಿಡಿದುಕೊಂಡಳು. ಹೆಗಲುಗಳು ಮೇಲೇರಿ ಅಲ್ಲೇ ನಿಂತವು. ಕತ್ತಿನ ನರ ಬಿಗಿಯಿತು. ತೆರೆದ ಬಾಯಿ ಗಾಳಿಯನ್ನು ಎಲ್ಲಿಂದಲೋ ಎಳೆದುಕೊಂಡಿತು.

ಆ ಬಿಡುವಿನಲ್ಲಿ ಅಮ್ಮ ಹೀಗೇ ಒಲೆಕಟ್ಟೆಯನ್ನು ಹಿಡಿದುಕೊಳ್ಳುತ್ತಿದ್ದಳು.

ಉಬ್ಬಸ. ಅವಳು ತೀರಿಕೊಂಡದ್ದೂ ಅದರಿಂದಲೇ. ಪದ್ಯ ಗೊತ್ತಿತ್ತು, ಕಾಯಿಲೆಯೂ ಗೊತ್ತಿತ್ತು. ಎರಡೂ ಇದ್ದದ್ದು ಒಂದೇ ಅಡುಗೆಮನೆಯಲ್ಲಿ ಎಂಬುದು ಮಾತ್ರ ಇಲ್ಲಿಯವರೆಗೆ ಹೊಳೆದಿರಲಿಲ್ಲ.

“ಇದನ್ನ ಎಲ್ಲಿಂದ ಕಲಿತ್ಯಮ್ಮ?” ಎಂದು ಹುಡುಗಿಯನ್ನು ಕೇಳಿದ.

“ನಿಮ್ಮಿಂದಾನೇ ಸಾರ್. ಅಲ್ಲಿಗೆ ಬಂದಾಗ ನೀವು ಹೀಗೇ ಮಾಡ್ತೀರಲ್ಲ, ಹೆಗಲು ಎತ್ಕೊಂಡು.”

ಹೊಗಳಿಕೆಗೆ ಕಾದು ನಿಂತಳು.

“ಕ್ಷಮೆ ಅಂದ್ರೆ ಇದೇ,” ಎಂದಳು ನಿರ್ದೇಶಕಿ. “ಪದ್ಯ ಯಾಕೆ ಬೇಕು ಹೇಳಿ.”

ಇದು ಕ್ಷಮೆಯಲ್ಲ ಎನ್ನಬೇಕಿತ್ತು. ಏನೆಂದು ಹೇಳಹೊರಟರೆ ಮಾತು ಬೇಕು. ದಣಿವಾಗಿತ್ತು. ಹಾಳೆಯನ್ನು ಮಡಚಿ ಜೇಬಿಗಿಟ್ಟ.

ಸೆರೆಮನೆಯ ಬಾಗಿಲಿಗೆ ಒಬ್ಬ ತಾಯಿ ಸಾಲದು ಎನ್ನಿಸಿತೋ ಏನೋ, ನಿರ್ದೇಶಕಿ ಉಳಿದವರನ್ನೂ ಸಾಲಾಗಿ ನಿಲ್ಲಿಸಿದಳು. ಎಲ್ಲರೂ ಸರಳು ಹಿಡಿದರು. ಎಲ್ಲರೂ ಬಾಗಿದರು. ಕನ್ನಡಿ ಅವರನ್ನು ಇಮ್ಮಡಿಯಾಗಿಸಿತು. ಗೋಡೆಯ ಈ ತುದಿಯಿಂದ ಆ ತುದಿಗೆ ಉಸಿರು ಸಿಗದ ಹೆಂಗಸರು. ಕನ್ನಡಿಯೊಳಗೆ ಅವರ ಸಂದಿಯಲ್ಲಿ, ಕುರ್ಚಿಯ ಅಂಚಿಗೆ, ಮಂಡಿ ಜೋಡಿಸಿ ಅಲುಗಾಡದೆ ಕೂತ ನರೆತ ತಲೆಯವನೊಬ್ಬ.

“ಸರಿಯಾಯ್ತಾ ಮೇಷ್ಟ್ರೇ?”

ಅವನು ಬಾಯಿ ತೆರೆದ.

“ಇನ್ನೊಂದ್ಸಲ.”

ಸರಳಿನ ಮೇಲೆ ಕೈಗಳು ಮತ್ತೆ ಬಿಗಿದವು.