ಸೊಸೆ ಬಂದ್ಲು, ದಾರಿ ಬಿಡಿ

ನಾನು ಕಾರು ಕಲಿಸೋಳು. ನಮ್ಮೂರಲ್ಲಿ ಅರ್ಧಕ್ಕರ್ಧ ಜನ ಈ ಬಾಯಿಂದ ಬೈಸಿಕೊಂಡೇ ಸ್ಟೇರಿಂಗ್ ಹಿಡಿದಿದ್ದು. ಮುಂದಿನ ಗಾಡಿಗೂ ನಮಗೂ ಎಷ್ಟು ದೂರ ಇರಬೇಕು ಅಂದ್ರೆ ಅಡಿ, ಗಜ ಅಂತ ನಾನು ಲೆಕ್ಕ ಹೇಳಲ್ಲ. ಮುಂದಿನ ಗಾಡಿ ಒಂದು ಕಂಬ ದಾಟಿದ ತಕ್ಷಣ ‘ಅತ್ತೆ ಬಂದ್ರು, ಎದ್ದು ನಿಲ್ಲಿ’ ಅಂತ ನಿಧಾನವಾಗಿ ಹೇಳಬೇಕು. ಮಾತು ಮುಗಿಯೋ ಮೊದಲೇ ನಾವೂ ಆ ಕಂಬ ಮುಟ್ಟಿದ್ವಿ ಅಂದ್ರೆ ಮುಂದಿನವನ ಬಾಲ ಹಿಡಿದಿದ್ದೀವಿ ಅಂತ ಅರ್ಥ. ಎಲ್ಲರೂ ಕಿಸಕ್ಕಂತ ನಕ್ಕು ಕಲಿತರು, ನನ್ನ ಸ್ವಂತ ಸೊಸೆ ಒಬ್ಬಳನ್ನ ಬಿಟ್ಟು.

ಅವಳಿಗೆ ಆಸ್ಪತ್ರೆಗೆ ರಕ್ತ ಸಾಗಿಸೋ ವ್ಯಾನ್ ಓಡಿಸೋ ಕೆಲಸ ಸಿಕ್ಕಿತ್ತು, ಲೈಸೆನ್ಸ್ ಬಂದರೆ ಮಾತ್ರ. ಎರಡು ಸಲ ಫೇಲಾಗಿದ್ದಳು, ಎರಡು ಸಲಾನೂ ಮುಂದಿನ ಗಾಡಿಗೆ ಅಂಟಿಕೊಂಡು ಹೋಗಿದ್ದಕ್ಕೆ. ಈ ಸಲವೂ ಆಗದಿದ್ದರೆ ಕೆಲಸ ಬೇರೆಯವರ ಪಾಲು. ನನಗೋ ಮೂಗಿನ ತುದೀಲೇ ಕೋಪ. ಕಣ್ಣು ಎಲ್ಲಿಟ್ಟಿದ್ದೀಯ ಅಂತ ದಿನಾ ಬೈತಿದ್ದೆ. ಪಾಪ, ಬೈಸಿಕೊಂಡೇ ಮತ್ತೆ ಗೇರ್ ಹಾಕೋಳು.

ಒಂದು ಮಧ್ಯಾಹ್ನ ಬೈಯೋದು ಬಿಟ್ಟು ಕಿವಿಗೊಟ್ಟು ಕೇಳಿದೆ. ಕಂಬ ಬಂದಾಗಲೆಲ್ಲ ಅವಳು ಆ ಮಾತನ್ನ ಗಂಟಲಲ್ಲೇ ಗುಳುಂ ಮಾಡಿ, ಒಂದೇ ಉಸಿರಿಗೆ ಮುಗಿಸ್ತಿದ್ದಳು. ಅಯ್ಯೋ ನನ್ನ ಬುದ್ಧಿಗಿಷ್ಟು! ನಿಜವಾದ ಅತ್ತೆಯನ್ನ ಪಕ್ಕದಲ್ಲೇ ಕೂರಿಸಿಕೊಂಡು ಯಾವ ಹುಡುಗಿ ‘ಅತ್ತೆ ಬಂದ್ರು’ ಅಂತ ರಾಗವಾಗಿ ಹೇಳ್ತಾಳೆ? ಸಂಕೋಚಕ್ಕೆ ಮಾತು ಮೊಟಕಾಗಿತ್ತು, ಮಾತಿನ ಜೊತೆ ದೂರಾನೂ. ಅವಳ ಕಣ್ಣಿಗೇನೂ ಆಗಿರಲಿಲ್ಲ.

“ಮಾತು ಬದಲಾಯಿಸು,” ಅಂದೆ. “ಸೊಸೆ ಬಂದ್ಲು, ದಾರಿ ಬಿಡಿ ಅನ್ನು. ಗಟ್ಟಿಯಾಗಿ.”

ಮೊದಲು ನಾಚಿಕೊಂಡಳು. ಆಮೇಲೆ ನೋಡಬೇಕಿತ್ತು ಅವಳ ಗತ್ತು. ಒಂದೊಂದು ಅಕ್ಷರಾನೂ ಚಪ್ಪರಿಸಿಕೊಂಡು ಹೇಳೋಳು. ಎರಡೇ ದಿನಕ್ಕೆ ಮುಂದಿನ ಗಾಡಿಗಳು ಎಷ್ಟು ದೂರ ಇರಬೇಕೋ ಅಷ್ಟು ದೂರಕ್ಕೆ ಹೋದವು.

ಪರೀಕ್ಷೆಯ ದಿನ ಆರ್‌ಟಿಓ ಸಾಹೇಬರು ಮುಂದೆ ಅವಳ ಪಕ್ಕ, ನಾನು ಹಿಂದಿನ ಸೀಟಲ್ಲಿ. ಮಾರ್ಕೆಟ್ ರಸ್ತೆಯಲ್ಲಿ ಮುಂದಿದ್ದ ಬಸ್ಸು ಗಕ್ಕಂತ ನಿಂತಿತು. ಬ್ರೇಕ್ ಅಂತ ಕೂಗೋಕೆ ನಾನು ಬಾಯಿ ತೆರೆಯೋಷ್ಟರಲ್ಲಿ ನಮ್ಮ ಕಾರು ಮೆಲ್ಲಗೆ ನಿಂತಾಗಿತ್ತು, ಮಧ್ಯೆ ಇನ್ನೊಂದು ಕಾರು ತೂರುವಷ್ಟು ಜಾಗ ಬಿಟ್ಟು. ಸಾಹೇಬರು ಪಾಸ್ ಅಂದರು. ನನ್ನ ಎದೆ ಉಬ್ಬಿ ಸೀಟ್ ಬೆಲ್ಟೇ ಬಿಗಿಯಾಯ್ತು ಅಂದ್ರೆ ನಂಬಿ.

ಮನೆಗೂ ಅವಳೇ ಓಡಿಸಿದಳು. ಬಾಗಿಲ ಮುಂದೆ ನಿಲ್ಲಿಸಿ, ನನ್ನ ಭುಜ ಮುಟ್ಟಿ, “ಅತ್ತೆ, ಮನೆ ಬಂತು” ಅಂದಳು.

ಈ ಕೆಲಸ ಹಿಡಿದಾಗಿನಿಂದ ಇನ್ನೊಬ್ಬರು ಓಡಿಸೋ ಕಾರಲ್ಲಿ ನಾನು ಸರಿಯಾಗಿ ರೆಪ್ಪೆ ಮಿಟುಕಿಸಿದವಳಲ್ಲ. ಅವತ್ತು ಗೊರಕೆ ಹೊಡೀತಿದ್ದೆ.